ತೆಗೆಯುವುದೋ, ಉಳಿಸುವುದೋ?

ಹಳೆಯ ಜಾವಾ ಮೋಟಾರ್ ಸೈಕಲ್ ಕನ್ನಡನಾಡಿನ ಕೂಸು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಪ್ರಾರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಅಂತಹ ಹಲವು ವಾಹನಗಳ ಹ್ಯಾಂಡಲಿನ ನಡುವೆ ಕೈಯಿಂದ ತಿರುಗಿಸುವ ಒಂದು ತಿರುಪು ಇರುವುದು. ಅದೇ ಸ್ಟಿಯರಿಂಗ್ ಡ್ಯಾಂಪರಿನ ತಿರುಪು. ದೆಹಲಿಯ ಕರೋಲ್ ಬಾಗಿನಲ್ಲಾಗಲಿ ಬೇರೆಲ್ಲಿಯಾಗಲಿ ಹಳೆಯ ವಾಹನವನ್ನು ದುರಸ್ತಿ ಮಾಡಿಸುವವರು ಕೇಳುವ ಪ್ರಶ್ನೆ ಇದು: ಡ್ಯಾಂಪರನ್ನು ಕಳಚಬೇಕೆ, ಉಳಿಸಬೇಕೆ?

ಮೊದಲು ಅದರ ಕೆಲಸವನ್ನು ತಿಳಿಯೋಣ. ತಿರುಪಿನಿಂದ ಒಂದು ಉಕ್ಕಿನ ಸರಳು ಹ್ಯಾಂಡಲಿನ ಕೊಳವೆಯೊಳಗೆ ಕೆಳಕ್ಕಿಳಿಯುವುದು. ಅಲ್ಲಿ ಉಕ್ಕಿನ ಬಿಲ್ಲೆಗಳೂ ಘರ್ಷಣೆಯ ಬಿಲ್ಲೆಗಳೂ ಒಂದರ ಮೇಲೊಂದು ಕುಳಿತಿರುವುವು. ಕೆಲವು ಚೌಕಟ್ಟನ್ನು ಹಿಡಿದು ನಿಶ್ಚಲವಾಗಿರುವುವು. ಉಳಿದವು ಫೋರ್ಕಿನೊಡನೆ ತಿರುಗುವುವು. ತಿರುಪನ್ನು ಬಿಗಿದರೆ ಬಿಲ್ಲೆಗಳು ಒತ್ತಿಕೊಳ್ಳುವುವು. ಆಗ ಹ್ಯಾಂಡಲಿನ ಎಡಬಲದ ಓಲಾಟದ ಶಕ್ತಿಯು ಘರ್ಷಣೆಯಿಂದ ಶಾಖವಾಗಿ ಮಾರ್ಪಟ್ಟು ಓಲಾಟವು ಅಡಗುವುದು. ಪಕ್ಕದಲ್ಲಿ ಸೈಡ್‌ಕಾರ್ ಜೋಡಿಸಿದಾಗ ಎರಡು ಕಡೆಯ ಎಳೆತ ಸಮವಾಗಿರದು. ಹ್ಯಾಂಡಲ್ ಸುಲಭವಾಗಿ ನಡುಗುವುದು. ಅಲ್ಲಿ ಡ್ಯಾಂಪರ್ ಬಹಳ ಉಪಕಾರಿ.

ಹಾಗಾದರೆ ಯಾವಾಗಲೂ ಬಿಗಿದಿರಬಹುದಲ್ಲವೆ? ಸಲ್ಲದು. ಎರಡು ಚಕ್ರದ ವಾಹನವು ಬೀಳದೆ ನಿಲ್ಲುವುದು ಹ್ಯಾಂಡಲಿನ ಸೂಕ್ಷ್ಮವಾದ ತಿರುವುಗಳಿಂದ. ಸೈಕಲ್ ತುಳಿಯಬಲ್ಲವರೆಲ್ಲರೂ ಇದನ್ನು ಬಲ್ಲರು. ಡ್ಯಾಂಪರನ್ನು ಬಿಗಿದರೆ ಆ ತಿರುವುಗಳಿಗೇ ಅಡ್ಡಿಯಾಗಿ, ನಿಧಾನ ಗತಿಯಲ್ಲಿ ವಾಹನವು ಅತ್ತಿತ್ತ ತೂಗಾಡುವುದು.

ಇನ್ನೊಂದು ಅಪಾಯವು ಇದಕ್ಕಿಂತ ದೊಡ್ಡದು. ಸಡಿಲವಾದ ಬೇರಿಂಗು, ಗಾಳಿ ಕಡಮೆಯಾದ ಟೈರು, ಓರೆಯಾದ ಚಕ್ರ, ಸವೆದ ಹಿಂಬದಿಯ ಬುಶ್ಶು, ಇವುಗಳಿಂದಲೂ ಹ್ಯಾಂಡಲ್ ನಡುಗುವುದು. ತಿರುಪನ್ನು ಬಿಗಿದರೆ ನಡುಕವು ಮರೆಯಾಗುವುದೇ ಹೊರತು ದೋಷವು ಹೋಗದು. ರೋಗವನ್ನು ಹುಡುಕದೆ ಜ್ವರವನ್ನು ಮಾತ್ರ ಇಳಿಸಿದಂತೆ! ದೋಷವು ಒಳಗೊಳಗೇ ಬೆಳೆದು, ಒಂದು ದಿನ ವೇಗದಲ್ಲಿ ಸವಾರನ ಪ್ರಾಣಕ್ಕೇ ಸಂಚಕಾರ ತರಬಹುದು.

ಪರೀಕ್ಷಿಸುವ ಕ್ರಮ ಸುಲಭ. ತಿರುಪನ್ನು ಪೂರ್ತಿ ಸಡಿಲಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಬೇಕು. ಹ್ಯಾಂಡಲ್ ಎಲ್ಲಿಯೂ ತಡೆಯದೆ ತಿರುಗಬೇಕು. ಫೋರ್ಕಿನ ಕೆಳತುದಿಯನ್ನು ಹಿಂದು ಮುಂದಕ್ಕೆ ಅಲುಗಿಸಿದಾಗ ಟಕ್ ಎಂದರೆ ಬೇರಿಂಗು ಸಡಿಲವೆಂದು ಅರ್ಥ.

2021ರ ಕೇಂದ್ರ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದನ್ನು ಪ್ರದರ್ಶನ, ರ್ಯಾಲಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬಹುಕಾಲ ನಿಂತೇ ಇರುವ ಇಂತಹ ವಾಹನವನ್ನು ಹೊರಡಿಸುವ ಮುನ್ನ ಮೇಲಿನ ಪರೀಕ್ಷೆ ಅವಶ್ಯ.

ಆದುದರಿಂದ ಡ್ಯಾಂಪರನ್ನು ಕಳಚುವುದು ಬೇಡ. ಅದು ವಾಹನದ ಮೂಲರೂಪದ ಅಂಗ. ಬಿಲ್ಲೆಗಳಿಗೆ ಎಣ್ಣೆ ತಾಗದಂತೆ ನೋಡಿಕೊಂಡು, ಮೊದಲು ದೋಷಗಳನ್ನು ಸರಿಪಡಿಸಿ, ತಿರುಪನ್ನು ಸಡಿಲವಾಗಿಯೇ ಇರಿಸಿ, ಅಗತ್ಯವಿದ್ದಾಗ ಮಾತ್ರ ತುಸು ಬಿಗಿಯತಕ್ಕದ್ದು.