ಮಾಗಿಯ ಚಳಿ ಮತ್ತು ಹುಳುಮನೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಹಿಮ ಬೀಳುವುದಿಲ್ಲ. ಆದರೂ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ರಾತ್ರಿಯ ಚಳಿ ಇಲ್ಲಿನ ರೇಷ್ಮೆ ಬೆಳೆಗಾರರಿಗೆ ಚಿಂತೆಯ ವಿಷಯವೇ ಸರಿ.

ರೇಷ್ಮೆ ಹುಳು ಮನುಷ್ಯನಂತೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಸುತ್ತಲಿನ ಗಾಳಿ ತಣ್ಣಗಾದಂತೆ ಅದರ ಮೈಯೂ ತಣ್ಣಗಾಗುತ್ತದೆ. ಆಗ ಅದು ಹಿಪ್ಪುನೇರಳೆ ಸೊಪ್ಪನ್ನು ಸರಿಯಾಗಿ ತಿನ್ನುವುದಿಲ್ಲ. ಬೆಳವಣಿಗೆ ಕುಂಠಿತವಾಗಿ ಗೂಡು ಕಟ್ಟುವ ದಿನ ಮುಂದಕ್ಕೆ ಹೋಗುತ್ತದೆ. ಬೆಳೆಗಾರನ ಖರ್ಚೂ ದುಡಿಮೆಯೂ ಹೆಚ್ಚುತ್ತವೆ.

ಚಾಕಿ ಹುಳುಗಳಿಗೆ 26ರಿಂದ 28, ದೊಡ್ಡ ಹುಳುಗಳಿಗೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಇದಕ್ಕಾಗಿ ಹುಳುಮನೆಯಲ್ಲಿ ಇದ್ದಿಲಿನ ಒಲೆಯನ್ನೋ ವಿದ್ಯುತ್ ಹೀಟರನ್ನೋ ಇಡುವುದು ವಾಡಿಕೆ.

ಇದ್ದಿಲಿನ ಒಲೆಯಲ್ಲಿ ಅಪಾಯವೊಂದು ಅಡಗಿದೆ. ಶಾಖ ಹೊರಹೋಗದಿರಲೆಂದು ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಡದಿಂದಲೂ ಅದು ಹೊರಡುತ್ತದೆ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುವುದರಿಂದ, ಅಲ್ಲಿ ಮಲಗಿದವರು ನಿದ್ರೆಯಲ್ಲಿಯೇ ಪ್ರಾಣ ಕಳೆದುಕೊಳ್ಳಬಹುದು. ಕೆಟ್ಟ ಗಾಳಿ ಹುಳುಗಳಿಗೂ ಹಾನಿಕರ.

ಆದುದರಿಂದ ಇದ್ದಿಲು ಉರಿಯುವಾಗ ಗಾಳಿಕಿಂಡಿಗಳನ್ನು ತೆರೆದಿಡಬೇಕು. ಆ ಕೋಣೆಯಲ್ಲಿ ಯಾರೂ ಮಲಗಕೂಡದು. ಕೆಂಡದಿಂದ ಗಾಳಿ ಒಣಗದಂತೆ ಒಲೆಯ ಮೇಲೆ ನೀರಿನ ಪಾತ್ರೆಯನ್ನು ಇಡುವುದು ಒಳ್ಳೆಯದು. ಹಿಮ ಮುಸುಕುವ ಕಾಶ್ಮೀರದ ಮನೆಗೂ ಶಿಡ್ಲಘಟ್ಟದ ಹುಳುಮನೆಗೂ ನಿಯಮ ಒಂದೇ: ಜೀವಕ್ಕೆ ಬೆಚ್ಚನೆಯ ಆಸರೆ ಎಷ್ಟು ಅಗತ್ಯವೋ, ಶುದ್ಧವಾದ ಗಾಳಿಯೂ ಅಷ್ಟೇ ಅಗತ್ಯ.