ಚುಕ್ಕೆ ಇರುವುದು ಆಕಾಶದಲ್ಲೋ, ಕ್ಯಾಮೆರಾದಲ್ಲೋ?

ಮಕ್ಕಳೇ, ಊರಿಂದ ಅಜ್ಜಿ ಬಂದಿದ್ದಾರೆ, ಮನೆಯವರೆಲ್ಲ ಲಾ ಹೋಯಾ ಸಮುದ್ರ ತೀರಕ್ಕೆ ಹೋಗಿ ಒಂದು ಫೋಟೋ ತೆಗೆದಿರಿ ಅಂತ ಇಟ್ಟುಕೊಳ್ಳಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಅಜ್ಜಿಯ ತಲೆಯ ಮೇಲೆ ನೀಲಿ ಆಕಾಶದಲ್ಲಿ ಒಂದು ಬೂದು ಚುಕ್ಕೆ! ಅದು ಹಕ್ಕಿಯಾ? ಲೆನ್ಸಿನ ಮೇಲೆ ಸಿಡಿದ ನೀರಿನ ಹನಿಯಾ? ಅಥವಾ ಕ್ಯಾಮೆರಾದ ಒಳಗೇ ಸೇರಿಕೊಂಡ ಧೂಳಾ?

ಇಂಥ ಸಮಯದಲ್ಲಿ ತುಂಬಾ ಜನ ಮೊದಲು ಮಾಡುವ ಕೆಲಸ, ಬಟ್ಟೆ ತೊಗೊಂಡು ಒರೆಸುವುದು. ಲೆನ್ಸ್ ಒರೆಸಿದರೂ ಚುಕ್ಕೆ ಹೋಗದಿದ್ದರೆ ಲೆನ್ಸ್ ಬಿಚ್ಚಿ ಒಳಗೂ ಕೈ ಹಾಕುತ್ತಾರೆ. ಅಲ್ಲೇ ಅಪಾಯ. ಧೂಳಿನ ಕಣದಿಂದ ಹಾಳಾಗುವುದು ಫೋಟೋದ ಒಂದು ಮೂಲೆ ಮಾತ್ರ, ಆದರೆ ತಪ್ಪಾಗಿ ಒರೆಸಿದರೆ ಗೀರು ಬಿದ್ದು ಕ್ಯಾಮೆರಾನೇ ಹಾಳಾಗಬಹುದು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ನಮ್ಮಲ್ಲಿ ಗಾದೆ ಇದೆ. ಒರೆಸುವುದಕ್ಕೆ ಮುಂಚೆ ಚುಕ್ಕೆ ಎಲ್ಲಿದೆ ಅಂತ ಪ್ರಮಾಣಿಸಿ ನೋಡುವುದು ಹೇಗೆ? ಇದೇ ಇವತ್ತಿನ ಪಾಠ.

ಸೆನ್ಸರ್ ಅಂದರೆ ಏನು?

ಲೆನ್ಸಿನಿಂದ ಒಳಗೆ ಬಂದ ಬೆಳಕು ಬೀಳುವ ಜಾಗವೇ ಸೆನ್ಸರ್. ಕನ್ನಡದಲ್ಲಿ ಸಂವೇದಕ ಅನ್ನಬಹುದು. ಅದರಲ್ಲಿ ಲಕ್ಷಾಂತರ, ಕೋಟ್ಯಂತರ ಪುಟ್ಟ ಪುಟ್ಟ ಮನೆಗಳಿರುತ್ತವೆ. ಅವೇ ಪಿಕ್ಸೆಲ್‌ಗಳು. ಒಂದೊಂದು ಪಿಕ್ಸೆಲ್ಲೂ ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಅಂತ ಲೆಕ್ಕ ಇಡುತ್ತದೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಸಿಸಿಡಿ ಎಂಬ ಸಾಧನವನ್ನು ಕಂಡುಹಿಡಿದರು. ಅದಕ್ಕೆ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈಗ ನಿಮ್ಮ ಅಪ್ಪ ಅಮ್ಮನ ಫೋನಿನಲ್ಲಿರುವುದು ಸಿಮಾಸ್ ಎಂಬ ಇನ್ನೊಂದು ಜಾತಿಯ ಸೆನ್ಸರ್. ಅದನ್ನು ಈ ರೂಪಕ್ಕೆ ತರುವಲ್ಲಿ ದೊಡ್ಡ ಕೆಲಸ ನಡೆದದ್ದು ನಮ್ಮ ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿ. ಅಲ್ಲಿನ ಜೆಪಿಎಲ್ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬಾಹ್ಯಾಕಾಶ ನೌಕೆಗಳಿಗೆ ಚಿಕ್ಕ ಕ್ಯಾಮೆರಾ ಬೇಕು ಅಂತ ಇದರ ಮೇಲೆ ಕೆಲಸ ಮಾಡಿದರು.

ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಪ್ರತಿ ಫೋಟೋಗೂ ಹೊಸ ಫಿಲ್ಮ್ ಮುಂದೆ ಬರುತ್ತಿತ್ತು. ಒಂದು ತುಂಡಿನ ಮೇಲೆ ಕೂತ ಧೂಳು ಆ ತುಂಡಿನ ಜೊತೆಗೇ ಮುಂದೆ ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಫೋಟೋಗೂ ಒಂದೇ ಸೆನ್ಸರ್. ಹಾಗಾಗಿ ಅದರ ಮೇಲೆ ಧೂಳು ಕೂತರೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಬರುತ್ತದೆ. ಕಳ್ಳನನ್ನು ಹಿಡಿಯುವುದಕ್ಕೆ ಇದೇ ನಮ್ಮ ಮೊದಲ ಸುಳಿವು.

ಧೂಳು ಒಳಗೆ ಹೋಗುವುದು ಹೆಚ್ಚಾಗಿ ಲೆನ್ಸ್ ಬದಲಾಯಿಸುವಾಗ. ಅದು ಕೂರುವುದು ಪಿಕ್ಸೆಲ್‌ಗಳ ಮೇಲಲ್ಲ, ಅವುಗಳ ಮುಂದೆ ಇರುವ ತೆಳು ಗಾಜಿನ ಮೇಲೆ. ಫೋಟೋದಲ್ಲಿ ಕಾಣುವುದು ಧೂಳಿನ ಚಿತ್ರವಲ್ಲ, ಅದರ ನೆರಳು.

ಮನೆಯಲ್ಲಿ ಮಾಡಿ ನೋಡಿ: ಪೆನ್ಸಿಲ್ಲಿನ ನೆರಳು

ರಾತ್ರಿ ರೂಮಿನ ದೀಪ ಆರಿಸಿ. ಮೇಜಿನ ಮೇಲೆ ಬಿಳಿ ಕಾಗದ ಇಡಿ. ಅದರಿಂದ ನಾಲ್ಕು ಬೆರಳು ಮೇಲೆ ಒಂದು ಪೆನ್ಸಿಲ್ ಅಡ್ಡ ಹಿಡಿಯಿರಿ. ಇನ್ನೂ ಮೇಲಿನಿಂದ ಫೋನಿನ ಟಾರ್ಚ್ ಹಾಕಿ. ನೆರಳು ಗೆರೆ ಎಳೆದ ಹಾಗೆ ಸ್ಪಷ್ಟವಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಹತ್ತಿರ ಅದೇ ಪೆನ್ಸಿಲ್ ಹಿಡಿದು ನೋಡಿ. ನೆರಳು ಮಸುಕು ಮಸುಕು, ಕೆಲವೊಮ್ಮೆ ಕಾಣುವುದೇ ಇಲ್ಲ. ಬೆಳಕು ಬರುವ ಜಾಗ ಚಿಕ್ಕದಾದರೆ ನೆರಳು ಚೂಪು, ದೊಡ್ಡದಾದರೆ ಮಸುಕು.

ಕ್ಯಾಮೆರಾದಲ್ಲಿ ಈ 'ಕಿಟಕಿ' ಅಂದರೆ ಲೆನ್ಸಿನೊಳಗಿನ ಅಪರ್ಚರ್, ಬೆಳಕು ನುಗ್ಗುವ ರಂಧ್ರ. ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಅಂದರೆ 50ನ್ನು 2ರಿಂದ ಭಾಗಿಸಿ, 25 ಮಿ.ಮೀ. ಅಗಲದ ರಂಧ್ರ. ಎಫ್/16 ಅಂದರೆ ಸುಮಾರು 3 ಮಿ.ಮೀ. ಮಾತ್ರ. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು!

ದೊಡ್ಡ ಮಕ್ಕಳಿಗೆ ಒಂದು ಅಂದಾಜು ಲೆಕ್ಕ. ಧೂಳಿನ ಕಣದ ಅಗಲ 0.05 ಮಿ.ಮೀ., ಅದು ಪಿಕ್ಸೆಲ್‌ಗಳಿಂದ 2 ಮಿ.ಮೀ. ಮೇಲೆ ಕೂತಿದೆ ಅಂದುಕೊಳ್ಳಿ. ಎಫ್/2ರಲ್ಲಿ ಒಂದು ಪಿಕ್ಸೆಲ್ಲಿಗೆ ಬರುವ ಬೆಳಕಿನ ಕಟ್ಟು, ಧೂಳಿರುವ ಎತ್ತರದಲ್ಲಿ 2 ÷ 2 = 1 ಮಿ.ಮೀ. ಅಗಲ ಇರುತ್ತದೆ. ಧೂಳು ಅದರ 20ನೇ ಒಂದು ಭಾಗದಷ್ಟು ಅಗಲ. ವಿಸ್ತೀರ್ಣಕ್ಕೆ ವರ್ಗ ಮಾಡಿದರೆ 400ರಲ್ಲಿ 1 ಪಾಲು ಬೆಳಕು ಮಾತ್ರ ತಡೆಯುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಫ್/16ರಲ್ಲಿ ಕಟ್ಟಿನ ಅಗಲ 2 ÷ 16 = 0.125 ಮಿ.ಮೀ. ಧೂಳು ಅದರ 0.4ರಷ್ಟು ಅಗಲ, ವರ್ಗ ಮಾಡಿದರೆ 0.16. ಅಂದರೆ 100ರಲ್ಲಿ 16 ಪಾಲು ಬೆಳಕು ಹೋಯಿತು. ಈಗ ಚುಕ್ಕೆ ಎದ್ದು ಕಾಣುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತೆ. ರಾಜ್ಯೋತ್ಸವದ ವೇದಿಕೆಯಲ್ಲಿ ಬೆಳಕು ಕಡಿಮೆ, ಅಪರ್ಚರ್ ದೊಡ್ಡದಾಗಿ ತೆರೆದಿರುತ್ತದೆ, ಹಿಂದೆ ಕತ್ತಲೆಯ ಪರದೆ. ಧೂಳಿದ್ದರೂ ಕಾಣದು. ಮುಂದಿನ ವಾರ ಬಿಸಿಲಿನಲ್ಲಿ ಎಫ್/16 ಇಟ್ಟು ಸಮುದ್ರದ ಫೋಟೋ ತೆಗೆದಾಗ ಚುಕ್ಕೆ ಕಂಡಿತು. "ಬೀಚಿಗೆ ಹೋದಾಗಲೇ ಧೂಳು ಸೇರಿತು" ಅಂತ ಆಗ ಹೇಳಲಾಗುವುದಿಲ್ಲ. ಅದು ಮೊದಲೇ ಇದ್ದು, ಅವತ್ತು ಕಣ್ಣಿಗೆ ಬಿದ್ದಿರಬಹುದು.

ಪರೀಕ್ಷೆಯ ಕ್ರಮ

ಇದನ್ನು ಅಪ್ಪ ಅಥವಾ ಅಮ್ಮನ ಜೊತೆ ಸೇರಿ ಮಾಡಿ. ಕ್ಯಾಮೆರಾವನ್ನು ಸೂರ್ಯನ ಕಡೆಗೆ ಯಾವತ್ತೂ ತಿರುಗಿಸಬೇಡಿ.

1. ಕ್ಯಾಮೆರಾವನ್ನು 'ಎ' ಅಥವಾ 'ಎವಿ' ಮೋಡಿಗೆ ಹಾಕಿ. ಎಫ್/16 ಇಡಿ. ಐಎಸ್ಒ 100 ಇರಲಿ.
2. ಆಟೋಫೋಕಸ್ ಆಫ್ ಮಾಡಿ. ಸೂರ್ಯನಿಗೆ ಬೆನ್ನು ಹಾಕಿ ಮೋಡವಿಲ್ಲದ ಆಕಾಶಕ್ಕೆ ಗುರಿ ಇಡಿ. ಫೋಕಸನ್ನು ತೀರಾ ಹತ್ತಿರಕ್ಕೆ ತಿರುಗಿಸಿ. ಆಕಾಶ ಮಸುಕಾಗಲಿ, ನಮಗೆ ಬೇಕಾಗಿರುವುದು ಅದೇ. ಮೊದಲ ಫೋಟೋ ತೆಗೆಯಿರಿ.
3. ಬೇರೆ ಏನನ್ನೂ ಮುಟ್ಟದೆ, ಆಕಾಶದ ಇನ್ನೊಂದು ಭಾಗಕ್ಕೆ ತಿರುಗಿಸಿ ಎರಡನೇ ಫೋಟೋ ತೆಗೆಯಿರಿ.
4. ಮನೆಯೊಳಗೆ, ಫ್ಯಾನ್ ಆರಿಸಿ, ಲೆನ್ಸ್ ಬದಲಾಯಿಸಿ. ಅದೇ ಎಫ್/16ರಲ್ಲಿ ಮೂರನೇ ಫೋಟೋ ತೆಗೆಯಿರಿ.
5. ಅದೇ ಲೆನ್ಸಿನಲ್ಲಿ ಎಫ್/4 ಇಟ್ಟು ನಾಲ್ಕನೇ ಫೋಟೋ ತೆಗೆಯಿರಿ.
6. ನಾಲ್ಕನ್ನೂ ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರದಲ್ಲಿ ನೋಡಿ. ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಿ. ಎಡ ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ಹುಡುಕಿ.

ಈಗ ತೀರ್ಪು. ಎರಡನೇ ಫೋಟೋದಲ್ಲಿ ಚುಕ್ಕೆ ಮಾಯವಾದರೆ, ಅದು ಹೊರಗಿನದು: ಹಕ್ಕಿ, ವಿಮಾನ, ಬಲೂನು ಏನಾದರೂ ಆಗಿರಬಹುದು. ಎರಡನೆಯದರಲ್ಲಿ ಇದ್ದು ಮೂರನೆಯದರಲ್ಲಿ ಹೋದರೆ ಲೆನ್ಸಿನ ಮೇಲೆ ಅನುಮಾನ. ಮೂರರಲ್ಲೂ ಅದೇ ಜಾಗದಲ್ಲಿದ್ದು, ಎಫ್/4ರಲ್ಲಿ ಮಸುಕಾದರೆ ಅಥವಾ ಕಾಣದೆ ಹೋದರೆ, ಅದು ಸೆನ್ಸರಿನ ಗಾಜಿನ ಮೇಲಿನ ಧೂಳು. ಲೆನ್ಸಿನ ಮುಂಭಾಗದ ಧೂಳು ಸೆನ್ಸರಿನಿಂದ ಬಹಳ ದೂರ ಇರುವುದರಿಂದ ಸಾಮಾನ್ಯವಾಗಿ ಚುಕ್ಕೆಯಾಗಿ ಕಾಣುವುದೇ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಚುಕ್ಕೆ ಕಂಡು ಫೋಟೋದಲ್ಲಿ ಬರದಿದ್ದರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗಮನಿಸಿದಿರಾ? ಪ್ರತಿ ಹೆಜ್ಜೆಯಲ್ಲೂ ನಾವು ಬದಲಾಯಿಸಿದ್ದು ಒಂದೇ ಒಂದನ್ನು. ದಿಕ್ಕು, ಲೆನ್ಸ್, ಅಪರ್ಚರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಚುಕ್ಕೆ ಹೋದರೂ ಯಾಕೆ ಹೋಯಿತು ಅಂತ ತಿಳಿಯುತ್ತಿರಲಿಲ್ಲ. ಪ್ರೋಗ್ರಾಮಿನಲ್ಲಿ ಬಗ್ ಹುಡುಕುವಾಗ ನಾವು ಮಾಡುವುದೂ ಇದನ್ನೇ, ಡಾಕ್ಟರು ಅಲರ್ಜಿ ಪತ್ತೆ ಮಾಡುವುದಕ್ಕೆ ಒಂದೊಂದೇ ಆಹಾರ ಬಿಡಿಸಿ ನೋಡುವುದೂ ಇದೇ ಕ್ರಮ.

ಪಾಲೋಮಾರ್ ಬೆಟ್ಟದ ಮೇಲೂ ಇದೇ ಪ್ರಶ್ನೆ

ಸ್ಯಾನ್ ಡಿಯಾಗೋ ಕೌಂಟಿಯ ಪಾಲೋಮಾರ್ ವೀಕ್ಷಣಾಲಯಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಅಲ್ಲಿನ 200 ಅಂಗುಲದ ಹೇಲ್ ದೂರದರ್ಶಕ 1948ರಲ್ಲಿ ಉದ್ಘಾಟನೆಯಾಯಿತು. ಅದೇ ಬೆಟ್ಟದಲ್ಲಿ 48 ಅಂಗುಲದ ಇನ್ನೊಂದು ದೂರದರ್ಶಕ ಇದೆ. ಅದಕ್ಕೆ ಜೋಡಿಸಿದ ಸುಮಾರು 60 ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾ 2018ರಿಂದ ಆಕಾಶವನ್ನು ಮತ್ತೆ ಮತ್ತೆ ಫೋಟೋ ತೆಗೆಯುತ್ತಿದೆ. ಒಂದೊಂದು ಫೋಟೋದಲ್ಲೂ 200ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಆಕಾಶ! ನಿನ್ನೆ ಇಲ್ಲದ ಚುಕ್ಕೆ ಇವತ್ತು ಬಂದಿದೆಯಾ ಅಂತ ನೋಡುವುದು ಅದರ ಕೆಲಸ. ಆ ಚುಕ್ಕೆ ಸಿಡಿಯುತ್ತಿರುವ ನಕ್ಷತ್ರವೋ ಚಲಿಸುವ ಕ್ಷುದ್ರಗ್ರಹವೋ ಆಗಿರಬಹುದು.

ಇಂಥ ಕೆಲಸದಲ್ಲಿ ಕ್ಯಾಮೆರಾದ ದೋಷವನ್ನು ಆಕಾಶದ ಸಂಗತಿ ಅಂದುಕೊಂಡರೆ ಏನು ಗತಿ? "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ" ಆಗಬಾರದಲ್ಲ. ಅದಕ್ಕೇ ಖಗೋಳ ವಿಜ್ಞಾನಿಗಳು ಸಮನಾಗಿ ಬೆಳಗಿದ ಪರದೆಯನ್ನೋ ಮುಸ್ಸಂಜೆಯ ಆಕಾಶವನ್ನೋ ಮೊದಲು ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಅದರಲ್ಲಿ ಧೂಳಿನ ನೆರಳುಗಳ ನಕ್ಷೆ ಸಿಗುತ್ತದೆ. ಒಂದು ಜಾಗದಲ್ಲಿ ಬೆಳಕು 0.84ಕ್ಕೆ ಇಳಿದಿದೆ ಅಂತ ಗೊತ್ತಾದರೆ, ಅಲ್ಲಿ ನಕ್ಷತ್ರದ ಬೆಳಕು 840 ಅಂತ ಬಂದಾಗ 0.84ರಿಂದ ಭಾಗಿಸುತ್ತಾರೆ. ನಿಜವಾದ ಲೆಕ್ಕ 1000. ಮಧ್ಯದಲ್ಲಿ ಚಿಕ್ಕ ಕನ್ನಡಿ ಅಡ್ಡ ಇರುವ ದೂರದರ್ಶಕಗಳಲ್ಲಿ ಧೂಳಿನ ನೆರಳಿಗೂ ನಡುವೆ ತೂತು ಇರುತ್ತದೆ. ಅಮೆರಿಕದವರು ಅದನ್ನು ಡೋನಟ್ ಅನ್ನುತ್ತಾರೆ, ನಮಗದು ಉದ್ದಿನ ವಡೆ!

ಧೂಳು ಸಿಕ್ಕಿತು, ಮುಂದೇನು?

ಮೊದಲು ಕ್ಯಾಮೆರಾದ ಮೆನುವಿನಲ್ಲಿ 'ಸೆನ್ಸರ್ ಕ್ಲೀನಿಂಗ್' ಇದ್ದರೆ ಅದನ್ನು ಎರಡು ಮೂರು ಸಲ ಓಡಿಸಿ. ಗಾಜನ್ನು ಅತಿ ವೇಗವಾಗಿ ನಡುಗಿಸಿ ಧೂಳು ಉದುರಿಸುವ ವಿಧಾನ ಇದು. ಹೋಗದಿದ್ದರೆ ದೊಡ್ಡವರು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೈಪಿಡಿಯಲ್ಲಿ ಹೇಳಿದಂತೆ ಸೆನ್ಸರ್ ತೆರೆದು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರಿನಿಂದ ಗಾಳಿ ಊದಬಹುದು. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಡಬ್ಬಿಯಲ್ಲಿ ಸಿಗುವ ಒತ್ತಿದ ಗಾಳಿಯೂ ಬೇಡ, ಅದರ ದ್ರವ ಗಾಜಿನ ಮೇಲೆ ಚಿಮ್ಮಬಹುದು. ಹತ್ತಿ ಕಡ್ಡಿ, ಅಂಗಿಯ ತುದಿ ಎರಡೂ ಕೂಡದು. ಆಮೇಲೆ ಮೊದಲನೇ ಫೋಟೋ ಮತ್ತೆ ತೆಗೆದು ಹೋಲಿಸಿ. ಇನ್ನೂ ಅಂಟಿಕೊಂಡಿದ್ದರೆ ರಿಪೇರಿ ಅಂಗಡಿಗೆ ಕೊಡಿ.

ಚುಕ್ಕೆ ಎಫ್/16ರಲ್ಲಿ ಮಾತ್ರ, ಅದೂ ಕಷ್ಟಪಟ್ಟು ಹುಡುಕಿದರೆ ಕಾಣುತ್ತೆ ಅಂದರೆ ಸುಮ್ಮನೆ ಬಿಟ್ಟುಬಿಡಬಹುದು. ಪರೀಕ್ಷೆಯಿಂದ ಆಗುವ ಉಪಯೋಗದಲ್ಲಿ ಇದೂ ಒಂದು. ಪೋಷಕರಿಗೆ ಇನ್ನೊಂದು ಮಾತು: ಹಳೆ ಕ್ಯಾಮೆರಾ ಕೊಳ್ಳುವ ಮುಂಚೆ ಎಫ್/16ರಲ್ಲಿ ತೆಗೆದ ಆಕಾಶದ ಫೋಟೋ ಕೇಳಿ. ಇಲ್ಲಿ ಸ್ಯಾಂಟಾ ಆ್ಯನಾ ಒಣಗಾಳಿ ಬೀಸುವ ದಿನಗಳಲ್ಲಿ, ಆನ್ಜಾ-ಬರೇಗೋ ಮರುಭೂಮಿಗೆ ಹೂವು ನೋಡಲು ಹೋದಾಗ, ಬಯಲಿನಲ್ಲಿ ಲೆನ್ಸ್ ಬಿಚ್ಚಬೇಡಿ. ಕಾರಿನೊಳಗೆ ಕೂತು, ಕಿಟಕಿ ಏರಿಸಿ ಬದಲಾಯಿಸಿ.

ಅಭ್ಯಾಸ

1. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಫೋಟೋದಲ್ಲಿ ಚುಕ್ಕೆ ಮೇಲಿನ ಎಡ ಮೂಲೆಯಲ್ಲಿದೆ. ಲೆನ್ಸ್ ತೆಗೆದು ಎದುರಿನಿಂದ ನೋಡಿದರೆ ಧೂಳು ಸೆನ್ಸರಿನ ಯಾವ ಮೂಲೆಯಲ್ಲಿರುತ್ತದೆ?
2. ಮೇಲಿನ ಲೆಕ್ಕದ ಧೂಳು ಎಫ್/8ರಲ್ಲಿ ನೂರಕ್ಕೆ ಎಷ್ಟು ಪಾಲು ಬೆಳಕು ತಡೆಯುತ್ತದೆ?
3. ಒಂದು ಮತ್ತು ಎರಡನೇ ಫೋಟೋದಲ್ಲಿ ಚುಕ್ಕೆ ಇದೆ, ಮೂರರಲ್ಲಿ ಇಲ್ಲ. ಯಾರ ಮೇಲೆ ಅನುಮಾನ?

ಪದ ಪರಿಚಯ

ಮಸೂರ – ಲೆನ್ಸ್
ಸಂವೇದಕ – ಸೆನ್ಸರ್
ದ್ಯುತಿರಂಧ್ರ – ಅಪರ್ಚರ್
ದೂರದರ್ಶಕ – ಟೆಲಿಸ್ಕೋಪ್
ಪ್ರಮಾಣಿಸು – ಪುರಾವೆ ನೋಡಿ ಖಚಿತ ಮಾಡಿಕೊಳ್ಳು

ಉತ್ತರಗಳು: 1. ಕೆಳಗಿನ ಎಡ ಮೂಲೆ. ಚಿತ್ರ ತಲೆಕೆಳಗಾಗುವಾಗ ಎಡ ಬಲವೂ ಅದಲು ಬದಲಾಗುತ್ತದೆ, ಆದರೆ ನಾವು ಎದುರಿಗೆ ಬಂದು ನಿಂತಾಗ ಎಡ ಬಲ ಮತ್ತೆ ಸರಿಹೋಗುತ್ತದೆ. 2. ನಾಲ್ಕು ಪಾಲು. 3. ಮೊದಲ ಲೆನ್ಸಿನ ಮೇಲೆ.