ಬೆಲೆ ಪ್ಲಾಸ್ಟಿಕ್ಕಿನದಲ್ಲ, ಡೈಯದು

ನಮ್ಮ ಮಲ್ದಕಲ್ ಕಡೆ ಬಿತ್ತನೆ ಹತ್ತಿ ಬೀಜವನ್ನು ಯಾರೂ ತೂಕ ನೋಡಿ ದುಬಾರಿ ಅನ್ನುವುದಿಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಬಿಟಿ ಹತ್ತಿಯ 475 ಗ್ರಾಂ ಪೊಟ್ಟಣಕ್ಕೆ ಗರಿಷ್ಠ 901 ರೂಪಾಯಿ ಗೊತ್ತುಮಾಡಿತು. ಅಂಥದೇ ಕಾಳು ಗಾಣಕ್ಕೋ ಎಮ್ಮೆಯ ಬಾನಿಗೋ ಹೋದರೆ ಅದರ ಸಣ್ಣ ಪಾಲೂ ಹುಟ್ಟದು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನಡಿಗಡ್ಡೆಯಲ್ಲಿ ಬೀಜದ ಹತ್ತಿ ಬೆಳೆದ ಮನೆಗಳಿಗೆ, ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುವ ಕೂಲಿ ಎಷ್ಟು, ತಳಿಯ ಬೆಲೆ ಎಷ್ಟು, ಚೀಟಿಯ ಮೇಲಿನ ಹೆಸರಿನ ಬೆಲೆ ಎಷ್ಟು ಎಂಬುದು ಬಾಯಿಪಾಠ.

ಅಂಥದೇ ಮನೆಯ ನನ್ನ ಅಕ್ಕ, ನಾನು ಆಟಿಕೆ ಇಟ್ಟಿಗೆಯ ಪೆಟ್ಟಿಗೆ ತಂದಾಗ ಮಾತ್ರ ಗದರಿಸುತ್ತಾಳೆ: "ಪ್ಲಾಸ್ಟಿಕ್ಕಿಗೆ ಮೂರು ಸಾವಿರ ಕೊಟ್ಟಿಯೇನೋ? ತಲಿ ಕೆಟ್ಟದ ನಿಂಗ!" ನನ್ನ ವಯಸ್ಸಿನವನಿಗೆ ಈ ಹವ್ಯಾಸ ಒಪ್ಪುವುದಿಲ್ಲ ಎಂಬುದು ಅವಳ ದೊಡ್ಡ ಆಕ್ಷೇಪ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ದುಡ್ಡಿನ ಆಕ್ಷೇಪಕ್ಕೆ ಇದೆ.

ಡಿಸೆಂಬರ್ ಹೊತ್ತಿಗೆ ನಡೆಯುವ ಮಲ್ದಕಲ್ ತಿಮ್ಮಪ್ಪನ ಜಾತ್ರೆಯಲ್ಲಿ ಇಂಥದೇ ಇಟ್ಟಿಗೆಗಳ ಪೊಟ್ಟಣ 150 ರೂಪಾಯಿಗೆ ಸಿಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಕಾಲು ಕಿಲೋ ತೂಗುತ್ತದೆ, ಗ್ರಾಂಗೆ 60 ಪೈಸೆ. ಅಕ್ಕ ಬೈದ ಪೆಟ್ಟಿಗೆ ಅರ್ಧ ಕಿಲೋ ಇತ್ತು, ಗ್ರಾಂಗೆ ಆರು ರೂಪಾಯಿ. ಹತ್ತು ಪಟ್ಟು. ಈ ಹತ್ತು ಪಟ್ಟು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಟಕ್ಕೆ ಬಿದ್ದೇ ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮೋಲ್ಡಿಂಗ್ ಶೆಡ್‌ನ ಮಾಲೀಕರ ಎದುರು ಕುಳಿತದ್ದು.

ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬ್ಬಿಗಳಿರುವ ಮಾಮೂಲಿ ಇಟ್ಟಿಗೆ ಸುಮಾರು 2.3 ಗ್ರಾಂ ತೂಗುತ್ತದೆ. ಒಂದು ಕಿಲೋ ದಾಣಾದಲ್ಲಿ, ಅಂದರೆ ಎಬಿಎಸ್ ಪ್ಲಾಸ್ಟಿಕ್ಕಿನ ಕಾಳಿನಲ್ಲಿ, 430ಕ್ಕೂ ಹೆಚ್ಚು ಇಟ್ಟಿಗೆ ಬರುತ್ತವೆ. ದಾಣಾಕ್ಕೆ ಕಿಲೋಗೆ 200 ರೂಪಾಯಿ ಎಂದು ಹೆಚ್ಚಿಗೆಯೇ ಹಿಡಿದರೂ ಒಂದು ಇಟ್ಟಿಗೆಯ ಪ್ಲಾಸ್ಟಿಕ್ ಖರ್ಚು 46 ಪೈಸೆ. ಡೈಯಲ್ಲಿ ಇಟ್ಟಿಗೆಯಾಕಾರದ ಎಂಟು ಕುಳಿ, ಅಂದರೆ ಕ್ಯಾವಿಟಿ ಇದ್ದು, 20 ಸೆಕೆಂಡಿಗೊಮ್ಮೆ ಪ್ಲಾಸ್ಟಿಕ್ ತುಂಬಿ ಒಂದು ಶಾಟ್ ಬಿದ್ದರೆ ಗಂಟೆಗೆ 1,440 ಇಟ್ಟಿಗೆ. ಕರೆಂಟು, ಆಳು ಸೇರಿ ಮೆಷಿನ್ ಬಾಡಿಗೆ ಗಂಟೆಗೆ 500 ರೂಪಾಯಿ ಎಂದಿಟ್ಟುಕೊಂಡರೆ ಮತ್ತೆ 35 ಪೈಸೆ. ಒಟ್ಟು 81 ಪೈಸೆ! ಅಕ್ಕ ಗೆದ್ದಳು ಎಂದುಕೊಂಡೆ.

"ದಾಣಾ ಲೆಕ್ಕ ಬಿಡಿ ಸಾರ್, ಡೈ ದುಡ್ಡು ಹಾಕಿ" ಎಂದರು ಮಾಲೀಕರು.

ಡೈ ಎಂದರೆ ಗಟ್ಟಿ ಉಕ್ಕಿನಲ್ಲಿ ಕೊರೆದ ಅಚ್ಚು. ಅದಕ್ಕೆ 12 ಲಕ್ಷ ಎಂದು ಅಂದಾಜು ಹಾಕಿ ಕಾಗದದ ಮೇಲೆ ಭಾಗಿಸಿದೆವು. ಆ ಡೈಯಿಂದ 1.2 ಲಕ್ಷ ಇಟ್ಟಿಗೆ ತೆಗೆದರೆ ಒಂದೊಂದರ ತಲೆಯ ಮೇಲೆ 10 ರೂಪಾಯಿ. 12 ಲಕ್ಷ ತೆಗೆದರೆ ಒಂದು ರೂಪಾಯಿ. 1.2 ಕೋಟಿ ತೆಗೆದರೆ 10 ಪೈಸೆ. ದಾಣಾದ ದರ ಎಷ್ಟೇ ಏರಿಳಿದರೂ ಇಷ್ಟು ಅಂತರ ಬರುವುದಿಲ್ಲ. ಇದೂ ಒಂದೇ ಆಕಾರದ ಲೆಕ್ಕ. ಒಂದು ಪೆಟ್ಟಿಗೆಯಲ್ಲಿ ಚಕ್ರ, ಕಿಟಕಿ, ಇಳಿಜಾರು, ಬಿಜಾಗರಿ ಎಂದು ನೂರಾರು ಬಗೆ ಇರುತ್ತವೆ, ಪ್ರತಿಯೊಂದಕ್ಕೂ ಬೇರೆ ಡೈ. ಜಾತ್ರೆಯ ಪೊಟ್ಟಣದಲ್ಲಿ ನಾಲ್ಕೈದೇ ಆಕಾರಗಳು ಏಕೆ ಎಂಬುದು ನನಗೆ ಆಗ ಹೊಳೆಯಿತು.

ಇನ್ನು ಹಿಡಿತದ ವಿಚಾರ. ಬಿಸಿ ಎಬಿಎಸ್ ಆರುವಾಗ ಸುಮಾರು ಅರ್ಧ ಶೇಕಡಾ ಕುಗ್ಗುತ್ತದೆ. 31.8 ಮಿಲಿಮೀಟರ್ ಉದ್ದದ ಇಟ್ಟಿಗೆಗೆ ಅದು 160 ಮೈಕ್ರಾನ್ ಆಯಿತು. ಆದರೆ ಗುಬ್ಬಿ ಮೇಲಿನ ಇಟ್ಟಿಗೆಯನ್ನು ಕಚ್ಚಿ ಹಿಡಿಯಬೇಕು, ಮಗು ಎಳೆದರೆ ಬಿಡಬೇಕು. ಅದಕ್ಕೆ ಲೆಗೊ ಕಂಪನಿ ಇಟ್ಟುಕೊಂಡಿರುವ ಅಳತೆಯ ಸಡಿಲ 10 ಮೈಕ್ರಾನ್ ಒಳಗೆ. ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಉಕ್ಕು ಕೊರೆಯಬೇಕು, ತಣ್ಣಗಾಗಿಸುವ ನೀರಿನ ದಾರಿ ಎಲ್ಲ ಕ್ಯಾವಿಟಿಗೂ ಸಮನಾಗಿರಬೇಕು, ಡೈ ಸವೆದರೆ ಎತ್ತಿ ಬದಿಗಿಡಬೇಕು. ಅಗ್ಗದ ಇಟ್ಟಿಗೆಯಲ್ಲಿ ಸವೆದ ಡೈ ಓಡುತ್ತಲೇ ಇರುತ್ತದೆ, ರಿಜೆಕ್ಟ್ ಆದ ಮಾಲನ್ನು ಪುಡಿ ಮಾಡಿ ಮತ್ತೆ ದಾಣಾಕ್ಕೆ ಸೇರಿಸುತ್ತಾರೆ. ನನ್ನ ಅಳಿಯ ಜಾತ್ರೆಯ ಇಟ್ಟಿಗೆಯಲ್ಲಿ ಕಟ್ಟಿದ ಗೋಪುರ ಮೂರನೇ ಅಂತಸ್ತಿಗೆ ವಾಲಿದ್ದು ಅವನ ಕೈಯ ದೋಷವಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಶುರುವಾದದ್ದು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ. 1932ರಲ್ಲಿ ಬಿಲ್ಲುಂಡ್‌ನ ಬಡಗಿಯೊಬ್ಬ ಲೆಗೊ ಆರಂಭಿಸಿದ್ದೂ, 1958ರ ಜನವರಿಯಲ್ಲಿ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಬಿದ್ದದ್ದೂ ಅದೇ ಡೆನ್ಮಾರ್ಕ್‌ನಲ್ಲಿ. ಡೈ ಮಾಡುವ ವಿದ್ಯೆ ಅರ್ಧ ಶತಮಾನದಿಂದ ನಮ್ಮಲ್ಲಿ ಇದೆ. ಒಂದೇ ಡೈಯಿಂದ ಕೋಟಿ ಇಟ್ಟಿಗೆ ತೆಗೆದು ಮಾರುವಷ್ಟು ಗಿರಾಕಿ ಇರಲಿಲ್ಲ, ಅಷ್ಟೆ. ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಬಿದ್ದಾಗ ನಾನು ಗಮನವಿಟ್ಟು ನೋಡಿದ್ದು ಇದಕ್ಕೇ: ವಿದೇಶಿ ಕಂಪನಿಗಳ ದೊಡ್ಡ ಆರ್ಡರ್ ಬಂದರೆ ಮಾತ್ರ ಡೈ ದುಡ್ಡು ಹಂಚಿಹೋಗುತ್ತದೆ.

ಲೆಗೊ ಕೂಡ ಈ ಲೆಕ್ಕ ತಪ್ಪಿಸಿಕೊಳ್ಳಲಿಲ್ಲ. ಆಕಾರಗಳ ಸಂಖ್ಯೆ ಸುಮಾರು 13,000ಕ್ಕೆ ಏರಿ, 2003ರಲ್ಲಿ ಕಂಪನಿ ಭಾರಿ ನಷ್ಟಕ್ಕೆ ಬಿತ್ತು. 2004ರಲ್ಲಿ ಬಂದ ಹೊಸ ಮುಖ್ಯಸ್ಥ ಯೋರ್ಗನ್ ವಿಗ್ ಕ್ನುಡ್‌ಸ್ಟೋರ್ಪ್ ಅವರ ಕಾಲದಲ್ಲಿ ಆಕಾರಗಳ ಸಂಖ್ಯೆಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದರು.

ಚನ್ನಪಟ್ಟಣದಲ್ಲಿ ಈ ಗಣಿತ ತಲೆಕೆಳಗು. ಅಲ್ಲಿ ಹಾಲೆ ಮರ, ಪಟ್ಟಡಿ, ಅರಗಿನ ಬಣ್ಣ, ಡೈ ಇಲ್ಲ. ಮೊದಲನೇ ಗೊಂಬೆಗೆ ಬಿದ್ದ ಕೂಲಿಯೇ ಸಾವಿರನೇ ಗೊಂಬೆಗೂ ಬೀಳುತ್ತದೆ. ಆದ್ದರಿಂದ ಅಲ್ಲಿ ಹತ್ತು ಗೊಂಬೆಯ ಆರ್ಡರ್ ಕೊಟ್ಟರೂ ಯಾರೂ ಮುಖ ಸಿಂಡರಿಸುವುದಿಲ್ಲ, ಸಾವಿರ ಕೊಂಡೆವೆಂದು ಚೌಕಾಸಿ ಮಾಡಿದರೆ ಅದು ಕುಶಲಕರ್ಮಿಯ ಹೊಟ್ಟೆಯಿಂದಲೇ ಕಡಿತ. ನಾನು ಅಲ್ಲಿ ಚೌಕಾಸಿ ಮಾಡುವುದಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಗೆ ಮಾತ್ರ ರಿಯಾಯಿತಿ ಬರುವವರೆಗೆ ಯಾವ ಸಂಕೋಚವೂ ಇಲ್ಲದೆ ಕಾಯುತ್ತೇನೆ.

ನಮ್ಮ ಬೆಲೆಚೀಟಿಯಲ್ಲಿ ತೆರಿಗೆಯ ಪಾಲೂ ದೊಡ್ಡದು. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರ ಬಜೆಟ್‌ನಲ್ಲಿ 70ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ಇಟ್ಟಿಗೆಯ ಮೂಲ ಪೇಟೆಂಟ್ ಮುಗಿದು ಎಷ್ಟೋ ವರ್ಷವಾಯಿತು, ಆ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಐರೋಪ್ಯ ನ್ಯಾಯಾಲಯ 2010ರಲ್ಲಿ ಬಿಡಲಿಲ್ಲ. ಹೀಗಾಗಿ ಹೊಂದಿಕೊಳ್ಳುವ ಬೇರೆ ಬ್ರ್ಯಾಂಡ್ ಕೊಳ್ಳುವುದರಲ್ಲಿ ಕಳ್ಳತನವೇನಿಲ್ಲ. ಐಎಸ್‌ಐ ಗುರುತು ಮಾತ್ರ ನೋಡಿ. 2021ರ ಜನವರಿಯಿಂದ ಆಟಿಕೆಗೆ ಅದು ಕಡ್ಡಾಯ. ಜಾತ್ರೆಯ ಪೊಟ್ಟಣದ ಮೇಲೆ ನನಗೆ ಅದು ಕಂಡಿಲ್ಲ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ತುಂಡುಗಳ ಸಂಖ್ಯೆಯನ್ನು ನಂಬಿ ಬೆಲೆ ತೂಗುವವರು ಬಹಳ. ಕಾಳಿನಷ್ಟು ಚಿಕ್ಕ ತುಂಡುಗಳನ್ನು ತುಂಬಿ ಸಂಖ್ಯೆ ಏರಿಸುವುದು ಸುಲಭ. ಸಿನಿಮಾ ಹೆಸರಿದ್ದರೆ ರಾಯಧನವೂ ನಮ್ಮ ತಲೆಗೇ. ನಾನು ತೂಕವನ್ನೂ ನೋಡುತ್ತೇನೆ, ನನ್ನಲ್ಲಿಲ್ಲದ ಆಕಾರ ಎಷ್ಟಿವೆ ಎಂದೂ ಎಣಿಸುತ್ತೇನೆ. ಡೈಗೆ ಕೊಡುವ ದುಡ್ಡು ಹೊಸ ಆಕಾರಕ್ಕೆ ಕೊಟ್ಟದ್ದಾಗಲಿ.

ಪೆಟ್ಟಿಗೆ ಒಡೆಯದೆ ಅಟ್ಟದಲ್ಲಿಟ್ಟರೆ ಬೆಲೆ ಏರುತ್ತದಂತೆ, ಹೌದೇ ಎಂದು ಓದುಗರು ಕೇಳುತ್ತಾರೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ಮರುಮಾರಾಟ ನೋಡಿ, ವರ್ಷಕ್ಕೆ ಸರಾಸರಿ 11 ಶೇಕಡಾ ಲಾಭ ಕಂಡದ್ದು ನಿಜ. ಆ ಕೊಳ್ಳುವವರು ಇರುವುದು ಅಮೆರಿಕ, ಯುರೋಪಿನ ಪೇಟೆಯಲ್ಲಿ. ರಾಯಚೂರಿನಲ್ಲಿ ಬಂಗಾರ ಒಯ್ದರೆ ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ ಬರುತ್ತದೆ. ಹಳೆಯ ಪೆಟ್ಟಿಗೆ ಹಿಡಿದು ಅಲ್ಲಿ ಯಾವ ಅಂಗಡಿ ಹತ್ತುವುದು? ಬೇಸಿಗೆಯ ಅಟ್ಟದ ಸೆಕೆಗೆ ರಟ್ಟು, ಅಂಟು, ಸ್ಟಿಕ್ಕರ್ ಎಲ್ಲ ಸುರುಟುತ್ತವೆ. ಇದನ್ನು ಹೂಡಿಕೆಯ ಖಾತೆಗೆ ಬರೆಯಬೇಡಿ, ಸಿನಿಮಾ, ಹೋಟೆಲಿನ ಖಾತೆಗೆ ಬರೆಯಿರಿ. ಕಂತಿನ ಮೇಲಂತೂ ಬೇಡ.

ಕೊಳ್ಳುವುದಾದರೆ ಹಳೆಯದನ್ನು ಬಿಡಿಯಾಗಿ ಕೊಳ್ಳಿ. 1958ರ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ, ಹಾಗಾಗಿ ಬಳಸಿದ್ದರಿಂದ ಅದರ ಕೆಲಸವೇನೂ ಕುಗ್ಗುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬದಲಿಸುವವರು, ಮಕ್ಕಳು ಕಾಲೇಜು ಸೇರಿದವರು ಚೀಲಗಟ್ಟಲೆ ಮಾರುತ್ತಾರೆ; ನನಗೆ ಗ್ರಾಂಗೆ ಎರಡು ರೂಪಾಯಿಯ ಆಸುಪಾಸಿಗೆ ಸಿಕ್ಕಿವೆ. ಹೋಗುವಾಗ ಜೇಬಿನಲ್ಲಿ ಒಂದು ಹೊಸ ಇಟ್ಟಿಗೆ ಇರಲಿ. ಚೀಲದೊಳಗೆ ಕೈ ಹಾಕಿ ಹತ್ತಾರನ್ನು ತೆಗೆದು ಅದರ ಮೇಲೆ ಕೂಡಿಸಿ ನೋಡಿ. ಸಡಿಲವಾದವು ಹೆಚ್ಚಿದ್ದರೆ ಅರ್ಧ ಬೆಲೆ ಕೇಳಿ. ಬಿಳಿಯವು ಹಳದಿಗೆ ತಿರುಗಿದ್ದರೆ ಅದನ್ನು ತೋರಿಸಿಯೂ ಇನ್ನಷ್ಟು ಇಳಿಸಿ, ಆದರೆ ಬಿಟ್ಟು ಬರಬೇಡಿ. ಗೋಡೆಯ ಒಳಸಾಲಿಗೆ ಅವು ಚೆನ್ನಾಗಿಯೇ ಒದಗುತ್ತವೆ.